ಬೆಟ್ಟದ ಮೇಲಿನ ವಾಸ: ಮಡಿಕೇರಿಯ ಸುಖದುಃಖಗಳು

ಗಿರಿಧಾಮದಲ್ಲಿ ಮನೆ ಮಾಡಿಕೊಂಡಿರುವವರು ಪುಣ್ಯವಂತರು ಎಂಬ ಮಾತನ್ನು ಬಯಲುಸೀಮೆಯ ನಮ್ಮ ಬಂಧುಗಳು ಆಗಾಗ ಆಡುವುದುಂಟು. ಈಗ ತಾವೇ ನಿವೃತ್ತಿಯ ಅಂಚಿಗೆ ಬಂದಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕೆಲವರು, "ಸಾರ್, ಬೆಂಗಳೂರು ಸಾಕಾಗಿದೆ, ಮಡಿಕೇರಿಗೇ ಬಂದು ನೆಲೆಸಿದರೆ ಹೇಗೆ?" ಎಂದು ಕೇಳತೊಡಗಿದ್ದಾರೆ. ಇನ್ನು ಕೆಲವರು, ತಂದೆ ಕಟ್ಟಿಸಿದ ಇಲ್ಲಿನ ಮನೆಯನ್ನು ಮಾರುವುದೋ ಹೋಂಸ್ಟೇ ಮಾಡುವುದೋ ಎಂಬ ಚಿಂತೆಯಲ್ಲಿದ್ದಾರೆ. ಈ ಪ್ರಶ್ನೆಗಳಿಗೆ ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಇತಿಹಾಸ ಕಲಿಸಿದವನಾದ್ದರಿಂದ, ಈ ಊರು ಬೆಟ್ಟದ ಮೇಲೆ ಏಕೆ ಹುಟ್ಟಿತು ಎಂಬಲ್ಲಿಂದ ಆರಂಭಿಸುತ್ತೇನೆ.

ಎಲ್ಲ ಗಿರಿಧಾಮಗಳೂ ಒಂದೇ ಬಗೆಯಲ್ಲಿ ಹುಟ್ಟಿದವಲ್ಲ. ಉದಕಮಂಡಲವನ್ನು ಕಟ್ಟಿದವರು ಬ್ರಿಟಿಷರು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ನೀಲಗಿರಿಯನ್ನು ಹತ್ತಿ, ಅಲ್ಲಿನ ತಂಪಿಗೆ ಮನಸೋತು, ಕೆಲವೇ ವರ್ಷಗಳಲ್ಲಿ ಮನೆ ಕಟ್ಟಿಸಿ ಕೆರೆ ತೋಡಿಸಿದನು. ಮುಂದೆ ಅದು ಮದರಾಸು ಸರ್ಕಾರದ ಬೇಸಿಗೆಯ ರಾಜಧಾನಿಯಾಯಿತು. ಸೆಕೆಯಿಂದ ಪಾರಾಗಲು ಬಂದವರಿಗಾಗಿಯೇ ರೂಪುಗೊಂಡ ಊರು ಅದು.

ಮಡಿಕೇರಿಯ ಕಥೆ ಬೇರೆ. ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದು ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಅವನ ಹೆಸರಿನ ಮುದ್ದುರಾಜಕೇರಿಯೇ ಮಡಿಕೇರಿಯಾಯಿತೆಂದು ಹೇಳುತ್ತಾರೆ. ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದ ಈ ದಿಣ್ಣೆಯನ್ನು ಅವನು ಆರಿಸಿಕೊಂಡದ್ದು ತಂಪಿಗಾಗಿಯಲ್ಲ, ರಕ್ಷಣೆಗಾಗಿ. ಸುತ್ತ ಕಾಡು, ಕೆಳಗೆ ಕಣಿವೆ, ಹತ್ತಿಬರಲು ಕಡಿದಾದ ದಾರಿ: ಶತ್ರುವಿಗೆ ಕಷ್ಟವಾದದ್ದೆಲ್ಲ ದೊರೆಗೆ ಅನುಕೂಲವಾಗಿತ್ತು. ಟಿಪ್ಪು ಸುಲ್ತಾನನು ಈ ಕೋಟೆಯನ್ನು ವಶಪಡಿಸಿಕೊಂಡಾಗ ಅದನ್ನು ಕಲ್ಲಿನಿಂದ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟನು. 1790ರಲ್ಲಿ ದೊಡ್ಡವೀರರಾಜೇಂದ್ರನು ಕೋಟೆಯನ್ನು ಮರಳಿ ಪಡೆದನು. ಅವನ ತರುವಾಯ ಬಂದ ಲಿಂಗರಾಜೇಂದ್ರನು ಅರಮನೆಯನ್ನೂ, 1820ರಲ್ಲಿ ಓಂಕಾರೇಶ್ವರ ದೇವಾಲಯವನ್ನೂ ಕಟ್ಟಿಸಿದನು. 1834ರ ಏಪ್ರಿಲಿನಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ಕಂಪನಿ ಸರ್ಕಾರ ತನ್ನದಾಗಿಸಿಕೊಂಡಿತು.

ಬ್ರಿಟಿಷರು ಬಂದ ಮೇಲೂ ಮಡಿಕೇರಿ ವಿಹಾರದ ಊರಾಗಲಿಲ್ಲ, ಕಚೇರಿಯ ಊರಾಯಿತು. ಕಚೇರಿಗಳು ಬಹುಕಾಲ ಆ ಅರಮನೆಯಲ್ಲಿಯೇ ನಡೆದವು. 1850ರ ದಶಕದಿಂದ ಕಾಫಿ ತೋಟಗಳು ಹಬ್ಬಿದಾಗ ತೋಟದ ದೊರೆಗಳು ಸಾಮಾನಿಗೂ ಸರ್ಕಾರಿ ಕೆಲಸಕ್ಕೂ ಇಲ್ಲಿಗೆ ಬರತೊಡಗಿದರು. ಒಳ್ಳೆಯ ಶಾಲೆಗಳೂ ಬೇಗ ಬಂದವು. 1870ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದ ರಿಕ್ಟರ್ ಇಲ್ಲಿನ ಸರ್ಕಾರಿ ಶಾಲೆಯ ಮುಖ್ಯಸ್ಥರಾಗಿದ್ದವರು. ಸ್ವಾತಂತ್ರ್ಯಾನಂತರ ಮಡಿಕೇರಿ ಒಂದು ಪುಟ್ಟ ರಾಜ್ಯದ ರಾಜಧಾನಿಯಾಗಿ, 1956ರ ನವೆಂಬರ್ 1ರಿಂದ ವಿಶಾಲ ಮೈಸೂರು ರಾಜ್ಯದ ಒಂದು ಜಿಲ್ಲಾ ಕೇಂದ್ರವಾಯಿತು.

ನಾನು ಬಯಲಿನಿಂದ ಅಧ್ಯಾಪಕನಾಗಿ ಇಲ್ಲಿಗೆ ಬಂದದ್ದು 1978ರ ಜೂನ್ ತಿಂಗಳಲ್ಲಿ. ಆಗಿನ ಮಡಿಕೇರಿಯಲ್ಲಿ ಪ್ರವಾಸಿಗರಿರಲಿಲ್ಲವೆಂದಲ್ಲ. ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಅಬ್ಬಿ ಜಲಪಾತಕ್ಕೆ ಹೋಗಿ, ಮರುದಿನ ತಲಕಾವೇರಿಗೆ ಹೊರಡುವ ಸಂಸಾರಗಳು ಇದ್ದೇ ಇದ್ದವು. ಆದರೆ ಊರು ಅವರನ್ನು ನಂಬಿ ಬದುಕುತ್ತಿರಲಿಲ್ಲ. ಸಂಜೆ ಏಳಕ್ಕೆ ಪೇಟೆ ಬಾಗಿಲು ಹಾಕುತ್ತಿತ್ತು.

ಈ ಊರು ನನಗೆ ಕೊಟ್ಟದ್ದು ಬಹಳ. ಏಪ್ರಿಲಿನಲ್ಲಿ ಮೈಸೂರು ಕಾದ ಹೆಂಚಾಗಿರುವಾಗ ನಮ್ಮ ಮನೆಯಲ್ಲಿ ಫ್ಯಾನ್ ಇರಲೇ ಇಲ್ಲ. ಕಾಫಿ ಹೂವಿನ ಮಳೆ ಬಿದ್ದ ಕೆಲವು ದಿನಗಳಿಗೆ ತೋಟಗಳೆಲ್ಲ ಬೆಳ್ಳಗಾಗಿ, ಆ ಪರಿಮಳ ಪೇಟೆಯವರೆಗೂ ಬರುತ್ತಿತ್ತು. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಕೊಂಕಣಿ, ಕನ್ನಡಗಳನ್ನು ಮನೆಮಾತಾಗಿ ಉಳ್ಳ ಮಕ್ಕಳು ಕೂಡುತ್ತಿದ್ದರು. ಆ ಮಕ್ಕಳಿಂದ ನಾನು ಕಲಿತ ಭೂಗೋಳ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಊರು ಚಿಕ್ಕದಾದ್ದರಿಂದ ಮೇಷ್ಟರಿಗೆ ಕಾಯಿಲೆಯೆಂಬ ಸುದ್ದಿ ಮಧ್ಯಾಹ್ನದೊಳಗೆ ಎಲ್ಲರಿಗೂ ತಲುಪಿ, ಸಂಜೆಗೆ ಗಂಜಿಯೂ ಉಪ್ಪಿನಕಾಯಿಯೂ ಮನೆಗೆ ಬರುತ್ತಿದ್ದವು. ದಸರೆಯಲ್ಲಿ ನಾಲ್ಕು ಶಕ್ತಿದೇವತೆಗಳ ಕರಗ ಹೊರಟು, ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಬೀದಿಗಿಳಿದಾಗ, ಊರಿಗೆ ಊರೇ ಬೆಳಗಿನವರೆಗೆ ಎಚ್ಚರವಾಗಿರುತ್ತಿತ್ತು. ಇವೆಲ್ಲ ಬೆಟ್ಟದ ಊರಿನ ಲಾಭಗಳೇ. ಇವುಗಳಲ್ಲಿ ಹೆಚ್ಚಿನವು ಮೂರು ದಿನದ ಅತಿಥಿಗೆ ದೊರೆಯುವಂಥವಲ್ಲ.

ಇನ್ನು ಮಳೆಯ ವಿಚಾರ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯಾದರೆ ಮಡಿಕೇರಿಯಲ್ಲಿ ಅದರ ನಾಲ್ಕರಷ್ಟು ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅತಿಥಿಗೆ ಮಂಜು ಒಂದು ನೋಟ. ಇಲ್ಲಿರುವವನಿಗೆ ಅದು ಗೋಡೆಯ ಪಾಚಿ, ಪುಸ್ತಕದ ಬೂಷ್ಟು, ಎಂಟು ದಿನವಾದರೂ ಒಣಗದ ಬಟ್ಟೆ, ಮುದುಕರ ಉಬ್ಬಸ. ಕಕ್ಕಡ ತಿಂಗಳಲ್ಲಿ ಪಾಠ ಮಾಡುವಾಗ ಹೆಂಚಿನ ಮೇಲಿನ ಮಳೆಯ ಸದ್ದಿಗೆ ನನ್ನ ದನಿ ಮೂರನೆಯ ಬೆಂಚನ್ನು ದಾಟುತ್ತಿರಲಿಲ್ಲ. ಕಪ್ಪುಹಲಗೆ ಬೆವರುತ್ತಿತ್ತು, ಸೀಮೆಸುಣ್ಣ ಹಿಡಿಯುತ್ತಿರಲಿಲ್ಲ, ಉತ್ತರಪತ್ರಿಕೆಯಲ್ಲಿ ಶಾಯಿ ಹರಡಿ ಪಾಣಿಪತ್ ಕದನದ ಇಸವಿಯೇ ಕಾಣುತ್ತಿರಲಿಲ್ಲ. ವಿದ್ಯುತ್ತು ಹೋದರೆ ಎಂದು ಬರುವುದೆಂದು ಯಾರೂ ಕೇಳುತ್ತಿರಲಿಲ್ಲ.

ಇಷ್ಟು ಮಳೆ ಬೀಳುವ ಊರಿನಲ್ಲಿ ಬೇಸಿಗೆಗೆ ಕುಡಿಯುವ ನೀರಿನ ಕೊರತೆಯೆಂದರೆ ಹೊಸಬರು ನಗುತ್ತಾರೆ. ಕಾರಣ ಸರಳವಾದದ್ದು. ದಿಣ್ಣೆಯ ಮೇಲೆ ಬಿದ್ದ ನೀರು ದಿಣ್ಣೆಯಲ್ಲಿ ನಿಲ್ಲುವುದಿಲ್ಲ, ಕಣಿವೆಗೆ ಇಳಿದುಹೋಗುತ್ತದೆ. ಆ ನೀರನ್ನು ಕೂಟುಹೊಳೆಯಿಂದ ಯಂತ್ರದ ಮೂಲಕ ಮತ್ತೆ ಮೇಲಕ್ಕೆತ್ತಬೇಕು. ಕೋಟೆಯೊಳಗಿನ ಕೆಲವು ನೂರು ಜನರಿಗೆ ಇದು ದೊಡ್ಡ ತೊಂದರೆಯಾಗಿರಲಾರದು. 2011ರ ಜನಗಣತಿಯ ವೇಳೆಗೆ ಪಟ್ಟಣದಲ್ಲಿದ್ದವರು ಸುಮಾರು 33 ಸಾವಿರ. ರಜೆಯ ದಿನಗಳಲ್ಲಿ ಅವರ ಜೊತೆಗೆ ಬಂದಿಳಿಯುವ ಅತಿಥಿಗಳೂ ಸ್ನಾನ ಮಾಡುವವರೇ ತಾನೆ!

ದೂರವೂ ಒಂದು ಕಷ್ಟ. ಕೊಡಗಿಗೆ ರೈಲು ಬಂದಿಲ್ಲ. ಮೈಸೂರು 120 ಕಿ.ಮೀ., ಮಂಗಳೂರು ಇನ್ನೂ ದೂರ. 2016ರಲ್ಲಿ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ದೊಡ್ಡ ಉಪಕಾರವೇ ಸರಿ. ಅದಕ್ಕೆ ಮುಂಚೆ ಎದೆನೋವು ಬಂದವರನ್ನು ರಾತ್ರೋರಾತ್ರಿ ಘಟ್ಟ ಇಳಿಸಿ ಕೊಂಡೊಯ್ದ ನೆನಪು ನಮ್ಮ ವಯಸ್ಸಿನವರೆಲ್ಲರಿಗೂ ಇದೆ. ಅವರಲ್ಲಿ ಎಲ್ಲರೂ ತಲುಪಲಿಲ್ಲ. ಮುದ್ದುರಾಜನಿಗೆ ವರವಾಗಿದ್ದ ಕಡಿದಾದ ದಾರಿ, ರೋಗಿಗೆ ಶಾಪ.

ಕಚೇರಿಯ ಊರು ಅತಿಥಿಗಳ ಊರಾದದ್ದು ನನ್ನ ಕಣ್ಣೆದುರಿಗೇ. ಅದರ ಹಿಂದೆ ಕಾಫಿಯ ಸಂಕಟವಿತ್ತೆಂಬುದನ್ನು ಇಂದಿನ ಹುಡುಗರು ಅರಿಯರು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಪಾಲು ಹಂಚಿಕೆ ಮುರಿದುಬಿತ್ತು. 1996ರ ಹೊತ್ತಿಗೆ ಬೆಳೆಗಾರರು ಕಾಫಿ ಮಂಡಳಿಗೇ ಮಾರಬೇಕೆಂಬ ಕಟ್ಟೂ ಹೋಗಿ ಮುಕ್ತ ಮಾರುಕಟ್ಟೆ ಬಂತು. ಮೊದಲು ಕೆಲವು ವರ್ಷ ಹಣ ಹರಿಯಿತಾದರೂ 2001ರ ಸುಮಾರಿಗೆ ಬೆಲೆ ನೆಲಕಚ್ಚಿತು. ಅದೇ ಕಾಲಕ್ಕೆ ಬೆಂಗಳೂರಿನ ಹೊಸ ಸಂಬಳದಾರರು ವಾರಾಂತ್ಯಕ್ಕೆ ಕಾರು ಹತ್ತತೊಡಗಿದ್ದರು. ತೋಟದ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು, ಅಕ್ಕಿರೊಟ್ಟಿ ಕಡುಂಬುಟ್ಟು ಬಡಿಸಿ, ಅದರಿಂದಲೇ ಸಾಲ ತೀರಿಸಿದ, ಮಕ್ಕಳನ್ನು ಓದಿಸಿದ ಮನೆಗಳು ನನಗೆ ಗೊತ್ತು. ಆದ್ದರಿಂದ ಹೋಂಸ್ಟೇಯನ್ನು ಹಳಿಯುವವರ ಗುಂಪಿಗೆ ನಾನು ಸೇರಲಾರೆ.

ಆದರೆ ಎರಡು ಕೋಣೆ ಇಪ್ಪತ್ತಾದಾಗ ಲೆಕ್ಕ ಬೇರೆಯಾಯಿತು. ಮೊದಲು ಮೇಷ್ಟರಿಗೂ ಗುಮಾಸ್ತರಿಗೂ ದಾದಿಯರಿಗೂ ಬಾಡಿಗೆಗೆ ಸಿಗುತ್ತಿದ್ದ ಮನೆಗಳು ದಿನದ ಬಾಡಿಗೆಯ ಕೋಣೆಗಳಾದವು. ಊರಿಗೆ ವರ್ಗವಾಗಿ ಬಂದ ನನ್ನ ಕಿರಿಯ ಸಹೋದ್ಯೋಗಿಗಳು ಕುಶಾಲನಗರದಲ್ಲಿ ಮನೆ ಮಾಡಿ ದಿನವೂ ಬಸ್ಸು ಹತ್ತಬೇಕಾಯಿತು. ನಿವೇಶನದ ಬೆಲೆ ಏರಿ, ಇಲ್ಲಿಯೇ ಹುಟ್ಟಿದವರಿಗೆ ಇಲ್ಲಿ ಮನೆ ಕಟ್ಟುವುದು ಕೈಗೆಟುಕದಾಯಿತು. ಓದಿದ ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋದರು. ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561 ಇದ್ದದ್ದು 2011ರಲ್ಲಿ 5,54,519 ಆಯಿತು. ಹತ್ತು ವರ್ಷಗಳಲ್ಲಿ ಏರಿದ್ದು ಆರು ಸಾವಿರವೂ ಇಲ್ಲ. ಅತಿಥಿಗಳು ಹೆಚ್ಚುತ್ತಿದ್ದ ಕಾಲದಲ್ಲಿಯೇ ಮನೆಯವರು ಹೆಚ್ಚಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ 2018ರದು. ಕಡಿದಾದ ಮಣ್ಣಿನ ಇಳಿಜಾರನ್ನು ನಾವಿಲ್ಲಿ ಬರೆ ಎನ್ನುತ್ತೇವೆ. ಹಿಂದೆ ಮನೆ ಕಟ್ಟುವವರು ಬರೆಯ ಇಳಿಜಾರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತಿದ್ದರು. ಗುದ್ದಲಿಯಿಂದ ಬೆಟ್ಟ ಕಡಿಯುವುದು ಬಡವರಿಗೂ ಶ್ರೀಮಂತರಿಗೂ ದುಬಾರಿಯಾಗಿತ್ತು. ಜೆಸಿಬಿ ಬಂದ ಮೇಲೆ ತಿಂಗಳ ಕೆಲಸ ಒಂದು ದಿನಕ್ಕೆ ಇಳಿಯಿತು. ಬರೆಯ ಬುಡವನ್ನು ಕಡಿದು ಸಮತಟ್ಟು ಮಾಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆಯ ನೀರು ಇಂಗಿ ಮಣ್ಣು ಭಾರವಾದಾಗ ಅದು ಜರಿಯುತ್ತದೆ. ಆ ವರ್ಷದ ಆಗಸ್ಟ್ ಮಧ್ಯದಲ್ಲಿ ಬಿಡದೆ ಸುರಿದ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮೊದಲಾದ ಊರುಗಳಲ್ಲಿ ಬೆಟ್ಟಗಳೇ ಜಾರಿದವು. ಪಟ್ಟಣದೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲಿ ಮನೆಗಳು ಉರುಳಿದವು. ಜೀವಹಾನಿಯಾಯಿತು, ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಿದರು, ಮಂಗಳೂರಿನ ರಸ್ತೆ ವಾರಗಟ್ಟಲೆ ಮುಚ್ಚಿತು. ಕಾರಣವನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅತಿವೃಷ್ಟಿಯ ಜೊತೆಗೆ, ತಕ್ಕ ರಕ್ಷಣೆಯಿಲ್ಲದೆ ಇಳಿಜಾರುಗಳನ್ನು ಕಡಿದದ್ದನ್ನೂ ಎತ್ತಿ ಹೇಳಿತು. ಪ್ರವಾಸಿಗರು ಬರಬಾರದೆಂದು ಜಿಲ್ಲಾಡಳಿತ ಕೆಲವು ವಾರ ನಿರ್ಬಂಧಿಸಿತು. ಅವರಿಗೆ ಹೋಗಲು ಬೇರೆ ಊರುಗಳಿದ್ದವು. ಮನೆ ಕಳೆದುಕೊಂಡವರಿಗೆ ಇರಲಿಲ್ಲ. ಜಂಬೂರು, ಮದೆನಾಡುಗಳಲ್ಲಿ ಅವರಲ್ಲಿ ಹಲವರಿಗೆ ಹೊಸ ಮನೆಯ ಬೀಗದ ಕೈ ಸಿಕ್ಕಿದ್ದು 2020ರಲ್ಲಿ. 2024ರ ಜುಲೈ 30ರಂದು ನೆರೆಯ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದಾಗ ಇಲ್ಲಿನ ಎಷ್ಟೋ ಮಂದಿ ಆ ರಾತ್ರಿ ನಿದ್ರಿಸಲಿಲ್ಲ.

ಹಾಗಾದರೆ ಲಾಭವೆಷ್ಟು, ನಷ್ಟವೆಷ್ಟು? ನನ್ನ ದೃಷ್ಟಿಯಲ್ಲಿ ಗಿರಿಧಾಮದ ತೊಡಕು ಇರುವುದೇ ಇಲ್ಲಿ: ಲಾಭ ಕೋಣೆಯುಳ್ಳವರಿಗೆ ಬರುತ್ತದೆ, ನೀರಿನ, ಕಸದ, ಜರಿಯುವ ಬರೆಯ ಹೊರೆಯನ್ನು ಮಾತ್ರ ಕೋಣೆಯಿಲ್ಲದವರೂ ಹೊರುತ್ತಾರೆ. ರಾಜನ ಕಾಲದಿಂದಲೂ ಈ ಬೆಟ್ಟ ಇಷ್ಟೇ ಅಗಲ. ಅದರ ಮೇಲೆ ಎಷ್ಟು ಭಾರ ಹೇರಬಹುದೆಂಬುದನ್ನು ಮೇ ತಿಂಗಳ ಅತಿಥಿಯನ್ನು ನೋಡಿ ಗೊತ್ತುಮಾಡಬಾರದು, ಆಗಸ್ಟ್ ತಿಂಗಳಲ್ಲಿ ಇಲ್ಲಿಯೇ ಮಲಗುವವನನ್ನು ನೋಡಿ ಗೊತ್ತುಮಾಡಬೇಕು.

ಇಲ್ಲಿ ನೆಲೆಸಬೇಕೆನ್ನುವ ಶಿಷ್ಯರಿಗೆ ನನ್ನ ಸಲಹೆ ಇಷ್ಟು. ಮೊದಲು ಒಂದು ಪೂರ್ತಿ ಕಕ್ಕಡ ತಿಂಗಳನ್ನು ಬಾಡಿಗೆ ಮನೆಯಲ್ಲಿ ಕಳೆಯಿರಿ. ಆಮೇಲೂ ಮನಸ್ಸಾದರೆ, ಮಂಡಿನೋವು ಮೆಟ್ಟಿಲಿಗೆ ಒಪ್ಪಿದರೆ, ಧಾರಾಳವಾಗಿ ಬನ್ನಿ. ತಂದೆಯ ಮನೆಯುಳ್ಳವರು ಎರಡು ಕೋಣೆಯನ್ನು ಅತಿಥಿಗಳಿಗೆ ಕೊಡಿ, ತಪ್ಪಿಲ್ಲ. ಆದರೆ ಒಂದು ಕೋಣೆಯನ್ನಾದರೂ ಊರಿನ ಶಾಲೆಗೆ ಬರುವ ಹೊಸ ಮೇಷ್ಟರಿಗೋ ಆಸ್ಪತ್ರೆಯ ದಾದಿಗೋ ತಿಂಗಳ ಬಾಡಿಗೆಗೆ ಬಿಡಿ, ಮತ್ತು ಮನೆಯ ಹಿಂದಿನ ಬರೆಯನ್ನು ಮುಟ್ಟಬೇಡಿ. ನಾನಂತೂ ಇಲ್ಲಿಯೇ ಇರುತ್ತೇನೆ. ನಾಲ್ಕು ದಶಕಗಳಿಗೂ ಮೀರಿ ಬೂಷ್ಟು ಒರೆಸಿದ ಕಪಾಟಿನ ಪುಸ್ತಕಗಳನ್ನು ಬಯಲಿಗೆ ಒಯ್ದರೆ ಅವು ಒಣಗಿ ಬಿರುಕುಬಿಟ್ಟಾವು ಎಂದು ನನ್ನಾಕೆ ಹೇಳುತ್ತಾಳೆ. ಅದು ಪುಸ್ತಕಗಳನ್ನು ಕುರಿತು ಮಾತ್ರ ಆಡಿದ ಮಾತಲ್ಲವೆಂದು ನನಗೆ ಗೊತ್ತು.