ಮತವಿಲ್ಲದವರಿಗಾಗಿ ಒಂದು ಉಪಚುನಾವಣೆ

ಗೆದ್ದ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಮತ ಕೇಳಲು ಬರುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅವರು ಪಕ್ಷ ಬದಲಿಸಿರುತ್ತಾರೆ, ಇಲ್ಲವೇ ಮಂತ್ರಿಯಾಗಬೇಕಾಗಿರುತ್ತದೆ. 1912ರ ನವೆಂಬರಿನಲ್ಲಿ ಲಂಡನ್ನಿನ ಜಾರ್ಜ್ ಲ್ಯಾನ್ಸ್‌ಬರಿ ರಾಜೀನಾಮೆ ಕೊಟ್ಟದ್ದು ಮತವೇ ಇಲ್ಲದ ಹೆಂಗಸರಿಗಾಗಿ.

ಅವರ ಕ್ಷೇತ್ರ ಬೋ ಮತ್ತು ಬ್ರಾಮ್ಲಿ, ಪೂರ್ವ ಲಂಡನ್ನಿನ ಬಡವರ ಕೇರಿಗಳು. ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣದ ಕಾರ್ಖಾನೆ ಇದ್ದದ್ದು ಬೋನಲ್ಲಿಯೇ. ಅಲ್ಲಿನ ಹುಡುಗಿಯರು 1888ರಲ್ಲಿ ಮುಷ್ಕರ ಹೂಡಿ ಮಾಲೀಕರನ್ನು ಮಣಿಸಿದ್ದರು. ಮುಷ್ಕರ ಗೆಲ್ಲಬಲ್ಲವರು, ಆದರೆ ಪಾರ್ಲಿಮೆಂಟಿಗೆ ಮತ ಹಾಕುವಂತಿಲ್ಲ. ಗಂಡಸರಲ್ಲೂ ಎಲ್ಲರಿಗೂ ಮತವಿರಲಿಲ್ಲ. ಸ್ವಂತ ಮನೆವಾರ್ತೆಯಿಲ್ಲದ, ಬಾಡಿಗೆ ಕೋಣೆ ಬದಲಿಸುತ್ತಾ ಬದುಕುವ ಬಡವರ ಹೆಸರು ಪಟ್ಟಿಯಿಂದ ಸುಲಭವಾಗಿ ಜಾರಿಹೋಗುತ್ತಿತ್ತು. ಇಂಥ ಕ್ಷೇತ್ರದಲ್ಲಿ 1910ರ ಡಿಸೆಂಬರಿನಲ್ಲಿ ಲೇಬರ್ ಪಕ್ಷದ ಲ್ಯಾನ್ಸ್‌ಬರಿ 863 ಮತಗಳ ಅಂತರದಿಂದ ಗೆದ್ದರು. ಸೋತವರು ಲಿಯೋ ಅಮೆರಿ. ಈ ಹೆಸರು ನಮ್ಮ ಹಿರಿಯರಿಗೆ ಬೇರೆ ಕಾರಣಕ್ಕೆ ಗೊತ್ತು: 1942ರ ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಭಾರತ ಮಂತ್ರಿಯಾಗಿದ್ದವರು ಇವರೇ.

ಮತದ ಹಕ್ಕಿಗಾಗಿ ಹೋರಾಡಿ ಜೈಲು ಸೇರಿದ ಹೆಂಗಸರು ಅಲ್ಲಿ ಉಪವಾಸ ಕೂರುತ್ತಿದ್ದರು. ಅವರನ್ನು ಹಿಡಿದು ಕೆಡವಿ, ಗಂಟಲಿಗೆ ಕೊಳವೆ ಇಳಿಸಿ ಬಲವಂತವಾಗಿ ಆಹಾರ ಸುರಿಯುತ್ತಿದ್ದರು. 1912ರ ಜೂನ್ 25ರಂದು ಪ್ರಧಾನಿ ಆಸ್ಕ್ವಿತ್, ಮುಚ್ಚಳಿಕೆ ಬರೆದುಕೊಟ್ಟರೆ ಆ ಹೆಂಗಸರು ಈವತ್ತೇ ಹೊರಗೆ ಬರಬಹುದಲ್ಲ ಎಂಬರ್ಥದ ಮಾತಾಡಿದರು. ಲ್ಯಾನ್ಸ್‌ಬರಿಗೆ ತಡೆಯಲಾಗಲಿಲ್ಲ. ನೇರ ಪ್ರಧಾನಿಯ ಮುಂದೆ ಹೋಗಿ, ಮುಖಕ್ಕೆ ಮುಷ್ಟಿ ತೋರಿಸಿ ಕೂಗಾಡಿದರು. ಸಭಾಪತಿ ಅವರನ್ನು ಹೊರಗೆ ಕಳಿಸಿದರು.

ಹೆಂಗಸರಿಗೆ ಮತ ಕೊಡುವ ತನಕ ಸರಕಾರದ ಪ್ರತಿಯೊಂದು ಮಸೂದೆಯನ್ನೂ ವಿರೋಧಿಸೋಣ ಎಂದು ಅವರು ತಮ್ಮ ಪಕ್ಷವನ್ನು ಕೇಳಿಕೊಂಡರು. ಪಕ್ಷ ಒಪ್ಪಲಿಲ್ಲ. ಆಗ ಕ್ಷೇತ್ರದ ಸಂಗಾತಿಗಳನ್ನೂ ಕೇಳದೆ ಸ್ಥಾನ ಬಿಟ್ಟರು. ಇದು ಅವರ ದೊಡ್ಡ ತಪ್ಪೆಂದೇ ನಮಗೆ ತೋರುತ್ತದೆ. ಮನೆಮನೆ ತಿರುಗಿ ಗೆಲ್ಲಿಸಿದವರಿಗೆ ಒಂದು ಮಾತು ಹೇಳಬೇಕಿತ್ತು.

ಲೇಬರ್ ಪಕ್ಷ ಅಧಿಕೃತ ಬೆಂಬಲ ಕೊಡಲಿಲ್ಲ. ಎಮಲೀನ್ ಪ್ಯಾಂಕ್‌ಹರ್ಸ್ಟರ ಮಹಿಳಾ ಸಂಘಟನೆಯ ಕಾರ್ಯಕರ್ತೆಯರು ಪ್ರಚಾರಕ್ಕೆ ಬಂದಿಳಿದರು. ಅವರ ಮಗಳು ಸಿಲ್ವಿಯಾ ಆ ಹೊತ್ತಿಗಾಗಲೇ ಬೋ ಕೇರಿಯಲ್ಲಿ ಕೆಲಸ ಶುರುಮಾಡಿದ್ದಳು. ಆದರೆ ಹೊರಗಿನಿಂದ ಬಂದವರಲ್ಲಿ ಅನೇಕರು ಅನುಕೂಲಸ್ಥರ ಮನೆಯವರು. ಅವರ ಅಪ್ಪಣೆಯನ್ನು ಕಾರ್ಮಿಕ ಗಂಡಸರು ಕೇಳಲೊಲ್ಲರು. ಗಂಡಸರ ಅಪ್ಪಣೆಯನ್ನು ಅವರೂ ಕೇಳಲೊಲ್ಲರು. ಎದುರಾಳಿ ಕನ್ಸರ್ವೇಟಿವ್ ಪಕ್ಷದ ರೆಜಿನಾಲ್ಡ್ ಬ್ಲೇರ್‌ಗೆ ಇನ್ನೇನು ಬೇಕು? 'ಲಂಗದ ಆಡಳಿತ ಬೇಡ' ಎಂಬುದೇ ಅವರ ಘೋಷಣೆ.

ನವೆಂಬರ್ 26, ಮತದಾನದ ದಿನ. ಮತದಾರರನ್ನು ಕರೆತರಲು ಹೆಂಗಸರ ಬಳಿ ಮೋಟಾರು ಕಾರುಗಳಿದ್ದವು. ಯಾರನ್ನು ಕರೆತರಬೇಕೆಂಬ ಪಟ್ಟಿ ಲ್ಯಾನ್ಸ್‌ಬರಿಯ ಚುನಾವಣಾ ಏಜೆಂಟರ ಬಳಿ ಇತ್ತು. ಕಾರು ನಮ್ಮಲ್ಲಿಗೆ ಬರಲಿ ಎಂದು ಇವರು, ಪಟ್ಟಿ ನಮ್ಮಲ್ಲಿಗೆ ಬರಲಿ ಎಂದು ಅವರು. ಇಬ್ಬರೂ ಜಗ್ಗಲಿಲ್ಲ. ಹೊತ್ತು ಜಾರುತ್ತಿತ್ತು. ಕಥೆಯಲ್ಲಿ ಹೀಗೆ ಬರೆದರೆ ಸಂಪಾದಕರು ಅತಿಯಾಯಿತೆಂದು ಹೊಡೆದು ಹಾಕುತ್ತಿದ್ದರು.

ಬ್ಲೇರ್ 4,042, ಲ್ಯಾನ್ಸ್‌ಬರಿ 3,291. ಸೋಲು 751 ಮತಗಳದು. ಹೆಂಗಸರ ಮತದ ಪ್ರಶ್ನೆಯೊಂದನ್ನೇ ಹಿಡಿದು ಯಾವ ಕ್ಷೇತ್ರವನ್ನೂ ಗೆಲ್ಲಲಾಗದು ಎಂದು ಕಾರ್ಮಿಕ ನಾಯಕ ವಿಲ್ ಥಾರ್ನ್ ಅಭಿಪ್ರಾಯಪಟ್ಟರು. ಅವರು ಮರೆತದ್ದೊಂದಿದೆ: ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೆಂಗಸರು ಮತಗಟ್ಟೆಯ ಹೊರಗಿದ್ದರು. ಒಳಗೆ ಹೋಗಿ ತೀರ್ಪು ಕೊಟ್ಟವರೆಲ್ಲ ಹಕ್ಕು ಆಗಲೇ ಕೈಯಲ್ಲಿದ್ದ ಗಂಡಸರು. ನ್ಯಾಯ ಕೇಳಿದವರ ಅಹವಾಲು ಅಂದು ಪ್ರತಿವಾದಿಯ ಕಚೇರಿಯಲ್ಲೇ ವಿಚಾರಣೆಗೆ ಬಂದಂತಾಗಿತ್ತು.

ಮಾರನೆಯ ವರ್ಷ ಅದೇ ಹೆಂಗಸರ ಪರ ಮಾಡಿದ ಭಾಷಣಕ್ಕಾಗಿ ಲ್ಯಾನ್ಸ್‌ಬರಿ ಜೈಲಿಗೆ ಹೋದರು. ಅಲ್ಲಿ ತಾವೂ ಉಪವಾಸ ಕೂತರು. ಪಾರ್ಲಿಮೆಂಟಿಗೆ ಮರಳಲು ಹತ್ತು ವರ್ಷ ಬೇಕಾಯಿತು: 1922ರಲ್ಲಿ ಬೋ ಮತ್ತು ಬ್ರಾಮ್ಲಿಯ ಜನವೇ ಮತ್ತೆ ಆರಿಸಿ ಕಳಿಸಿದರು. ಅಷ್ಟರಲ್ಲಿ, 1918ರ ಕಾಯಿದೆಯಿಂದ 30 ದಾಟಿದ ಹೆಂಗಸರಿಗೆ ಕೆಲವು ಷರತ್ತುಗಳೊಡನೆ ಮತ ಸಿಕ್ಕಿತ್ತು. ಕಾರ್ಖಾನೆಯ ಎಳೆಯ ಹುಡುಗಿಯರು ಮಾತ್ರ ಹೊರಗೇ ಉಳಿದರು. ಗಂಡಸರಂತೆ 21ಕ್ಕೇ ಮತ ಹಾಕುವ ಹಕ್ಕು ಅವರಿಗೆ ಬಂದದ್ದು 1928ರಲ್ಲಿ.

ಬಾಂಗ್ಲಾದೇಶದಲ್ಲಿ ಹುಟ್ಟಿದ ರುಶನಾರಾ ಅಲಿ 2010ರಲ್ಲಿ ಬ್ರಿಟನ್ನಿನ ಮೊದಲ ಮೂವರು ಮುಸ್ಲಿಂ ಸಂಸದೆಯರಲ್ಲಿ ಒಬ್ಬರಾದರು. ಅವರು ಗೆದ್ದ ಕ್ಷೇತ್ರದ ಹೆಸರು ಬೆತ್ನಲ್ ಗ್ರೀನ್ ಮತ್ತು ಬೋ.