ಬೆಳೆಯುವ ದವಡೆ, ಕಾಣುವ ಧ್ವನಿ

ಆಲೂರು, ಸಕಲೇಶಪುರಗಳ ಮಲೆಗಳಲ್ಲಿ ಸೀಬೆ ಹಲಸುಗಳ ಕೊಂಬೆಯಿಂದ ಜಾರಿ ಗದ್ದವೂರಿ ಬೀಳದ ಬಾಲ್ಯವೇ ಅಪರೂಪ. ಅರಿಸಿನ ಮೆತ್ತಿ ಮರೆತುಬಿಡುವ ಆ ಪೆಟ್ಟು, ಒಮ್ಮೊಮ್ಮೆ ಕಿವಿಯ ಮುಂದಣ ದವಡೆಕೀಲನ್ನು ಬೆಸೆದು, ಬಾಯಿ ತೆರೆಯಲಾಗದಂತೆಯೂ ಕೆಳದವಡೆ ಬೆಳೆಯಲಾಗದಂತೆಯೂ ಮಾಡುವುದುಂಟು. ಹುಟ್ಟಿನಿಂದಲೇ ದವಡೆ ಕುಗ್ಗಿದ ಶಿಶುಗಳಲ್ಲಂತೂ ನಾಲಗೆ ಹಿಂದೆ ಸರಿದು ಉಸಿರಿನ ಹಾದಿಯನ್ನೇ ತಡೆಯುತ್ತದೆ.

ಇಂಥ ದವಡೆಗೆ ನೆರವಾದ, ಎಲುಬನ್ನು ನೀಳಗೊಳಿಸುವ ವಿದ್ಯೆ ಮೊದಲು ಕಾಲಿನಲ್ಲಿ ಸಿದ್ಧಿಸಿತು. 1905ರಲ್ಲಿಯೇ ಇಟಲಿಯ ವೈದ್ಯ ಕೊಡಿವಿಲ್ಲಾ ತೊಡೆಯೆಲುಬನ್ನು ಎಳೆದು ಬೆಳೆಸಿದ ವೃತ್ತಾಂತವನ್ನು ಪ್ರಕಟಿಸಿದ್ದನು. ಆದರೆ ಆತುರದ ಎಳೆತವನ್ನು ದೇಹವು ಸಹಿಸದು. ಎರಡನೆಯ ಮಹಾಯುದ್ಧದ ತರುವಾಯ ಸೈಬೀರಿಯದ ಕುರ್ಗಾನಿನಲ್ಲಿ ವೈದ್ಯ ಇಲಿಜಾರೊವ್ ಕಂಡುಕೊಂಡ ತತ್ತ್ವವು ತಾಳ್ಮೆಯದು: ಎಲುಬನ್ನು ಕತ್ತರಿಸಿ, ಕೆಲವು ದಿನ ಸುಮ್ಮನಿದ್ದು, ಬಳಿಕ ದಿನಕ್ಕೊಂದು ಮಿಲಿಮೀಟರನ್ನು ನಾಲ್ಕು ಸಲಕ್ಕೆ ಹಂಚಿ ಎಲುಬಿಗೆ ಬಿಗಿದ ಸಾಧನದ ತಿರುಪನ್ನು ತಿರುಗಿಸುತ್ತ ಹೋದರೆ, ಅಗಲುವ ತೆರಪಿನಲ್ಲಿ ಹೊಸ ಅಸ್ಥಿಯು ತಾನೇ ಜನಿಸುವುದು. 1973ರಲ್ಲಿ ಸ್ನೈಡರನೆಂಬ ವೈದ್ಯನು ಈ ಮಾರ್ಗವನ್ನು ನಾಯಿಯ ದವಡೆಗೆ ತಂದನು. 1992ರಲ್ಲಿ ನ್ಯೂಯಾರ್ಕಿನ ಮೆಕಾರ್ಥಿ ನಾಲ್ವರು ಮಕ್ಕಳ ದವಡೆಯನ್ನು ನೀಳಗೊಳಿಸಿದ ವರದಿಯನ್ನಿತ್ತನು. ಧಾರವಾಡದಲ್ಲಿಯೂ ಮಂಗಳೂರಿನ ದೇರಳಕಟ್ಟೆಯಲ್ಲಿಯೂ ಮುಖ ಮತ್ತು ತಲೆಬುರುಡೆಯ ಶಸ್ತ್ರಚಿಕಿತ್ಸೆಗೆಂದೇ ಇಂದು ಕೇಂದ್ರಗಳಿವೆ.

ಶಸ್ತ್ರಕ್ರಿಯೆ ಮುಗಿದೊಡನೆ ಕೆಲಸ ಮುಗಿಯುವುದಿಲ್ಲ. ಎಷ್ಟೋ ವೇಳೆ ಮನೆಗೆ ಮರಳಿದ ಮೇಲೆ ತಿರುಪನ್ನು ತಿರುಗಿಸುವ ಕೈ ತಾಯಿಯದೇ. ನೀಳವಾದುದು ಗಟ್ಟಿಯಾಗಲು ಅನಂತರ ವಾರಗಳೇ ಬೇಕು. ಈ ಅವಧಿಯಲ್ಲಿ ಎಳೆಯ ಮುಖಕ್ಕೆ ಪದೇ ಪದೇ ಎಕ್ಸ್‌ರೇ ಹಾಯಿಸಲು ವೈದ್ಯರು ಹಿಂಜರಿಯುತ್ತಾರೆ. ಸುಣ್ಣಗೂಡದ ಹೊಸ ಎಲುಬು ಆ ಪಟದಲ್ಲಿ ಮೂಡುವುದೂ ಇಲ್ಲ.

ಇಲ್ಲಿಯೇ ಶ್ರವಣಾತೀತ ಧ್ವನಿ ನೆರವಿಗೆ ಬಂದಿತು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡನು ಗರ್ಭವನ್ನು ಕಾಣಿಸಿದ ಧ್ವನಿಯೇ ಇದು. ಆಲೂರಿನ ತಾಯಂದಿರು ಸ್ಕ್ಯಾನಿಂಗ್ ಎಂದು ಬಸಿರಿನ ದಿನಗಳಿಂದಲೇ ಇದನ್ನು ಬಲ್ಲರು. ಗಟ್ಟಿ ಎಲುಬಿಗೆ ತಾಗಿ ಮರಳುವ ಧ್ವನಿಯು ತೆರಪಿನ ಮೃದು ಭಾಗದಲ್ಲಿ ಒಳಹೊಗುತ್ತದೆ. ಅಲ್ಲಿ ಸುಣ್ಣದ ಕಣಗಳು ಸೇರಿದಂತೆಲ್ಲ ಬೆಳ್ಳನೆಯ ಚುಕ್ಕೆಗಳು ಮೂಡಿ, ಕಡೆಗೆ ಎರಡು ಅಂಚುಗಳ ನಡುವೆ ಒಂದೇ ಗೆರೆ ಕೂಡಿಬರುತ್ತದೆ. ವಿಕಿರಣವಿಲ್ಲ, ನೋವಿಲ್ಲ, ಮಗು ತಾಯ ಮಡಿಲಲ್ಲಿಯೇ ಇರಬಹುದು.

ಹೊರಪದರ ಗಟ್ಟಿಯಾದ ಮೇಲೆ ಒಳಗಿನ ಬಲವನ್ನು ಈ ಧ್ವನಿ ಹೇಳಲಾರದು. ತಿರುಪನ್ನು ತೆಗೆಯುವ ಮುನ್ನ ಎಕ್ಸ್‌ರೇ ಬೇಕಾಗಬಹುದು. ಆದರೂ ಮಂಗಳೂರಿನ ಹಾದಿಯಲ್ಲಿ, ಮಳೆಗಾಲದಲ್ಲಿ ಕುಸಿಯುವ ಶಿರಾಡಿ ಘಾಟಿಯನ್ನು ಪ್ರತಿ ಪರೀಕ್ಷೆಗೂ ಮಗುವಿನೊಡನೆ ಇಳಿದೇರುವುದು ಸಣ್ಣ ಕಷ್ಟವಲ್ಲ. ಸ್ಕ್ಯಾನಿಂಗ್ ಯಂತ್ರ ಹಾಸನದಲ್ಲಿಯೂ ಉಂಟು. ದವಡೆಯ ಆ ಬಿಳಿಗೆರೆಯನ್ನು ಓದಬಲ್ಲ ಕಣ್ಣುಗಳನ್ನು ಅಲ್ಲಿಯೇ ಪಳಗಿಸಬೇಕೆಂಬುದು ನನ್ನ ಹಂಬಲ.