ಮಾಯಾಲೋಕದಲ್ಲಿ ಯಾರ ಮುಖ?

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ಹತ್ತಿರದಲ್ಲೇ ಇರುವ ಕಂಠೀರವ ಸ್ಟುಡಿಯೊದ ಆವರಣದಲ್ಲಿ ರಾಜ್‌ಕುಮಾರ್ ಸಮಾಧಿ ಇದೆ. ಅವರು ಮೊದಲ ಸಲ ನಾಯಕರಾಗಿ ತೆರೆಗೆ ಬಂದದ್ದು ಅರಸನಾಗಿ ಅಲ್ಲ, ಬೇಡನಾಗಿ. ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ (1954) ಚಿತ್ರದಲ್ಲಿ ಶಾಸ್ತ್ರ ಮಂತ್ರ ಅರಿಯದ ಕಾಡಿನವನು ತನ್ನ ಕಣ್ಣನ್ನೇ ಕಿತ್ತು ಶಿವನಿಗೆ ಕೊಡುತ್ತಾನೆ. ಅದಕ್ಕೂ 20 ವರ್ಷ ಹಿಂದೆ, 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಇಂದ್ರಜಿತುವಿನ ಹೆಂಡತಿಯ ಕಥೆ. ಯುದ್ಧದಲ್ಲಿ ಸೋತವರ ಮನೆಯ ಕಥೆ. ನಮ್ಮ ಅದ್ಭುತ ಕಥನದ ಬೇರು ಅಂಚಿನವರ ಅಂಗಳದಲ್ಲೇ ಇತ್ತು.

ಆಮೇಲೆ ಅರಮನೆ, ಕಿರೀಟ, ಗದೆಗಳು ದೊಡ್ಡವಾದವು. ‘ಬಭ್ರುವಾಹನ’ (1977) ನೋಡಿ. ನಾಗಲೋಕದ ಉಲೂಪಿ, ಮಣಿಪುರದ ಚಿತ್ರಾಂಗದೆ, ಇಬ್ಬರೂ ಹೊರಗಿನವರು. ಆದರೆ ನೆನಪಿನಲ್ಲಿ ಉಳಿದದ್ದು ಅಪ್ಪ ಮಗ ಎರಡೂ ಪಾತ್ರಗಳಲ್ಲಿ ಮಿಂಚಿದ ರಾಜ್‌ಕುಮಾರ್. ಹೆಣ್ಣಿನ ಒಳಗುದಿ ಮಾಯೆಯ ನಡುಮನೆಗೆ ಬಂದದ್ದು ‘ನಾಗಮಂಡಲ’ದಲ್ಲಿ (1997). ಗಿರೀಶ ಕಾರ್ನಾಡರ ನಾಟಕವನ್ನು ಟಿ.ಎಸ್. ನಾಗಾಭರಣ ಉತ್ತರ ಕರ್ನಾಟಕದ ಮಾತಿನಲ್ಲಿ ತೆರೆಗೆ ತಂದರು. ಗಂಡ ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ. ರಾತ್ರಿ ಅವನದೇ ರೂಪದಲ್ಲಿ ನಾಗಪ್ಪ ಬರುತ್ತಾನೆ. ಆ ಬೀಗ ಎಷ್ಟು ಮನೆಗಳದ್ದು ಎಂದು ನೋಡಿದ ಹೆಣ್ಣುಮಕ್ಕಳಿಗೆ ಯಾರೂ ವಿವರಿಸಬೇಕಿರಲಿಲ್ಲ.

ಹೊಸ ಕಾಲದ ತಿರುವು ಪವನ್ ಕುಮಾರ್ ಅವರ ‘ಲೂಸಿಯಾ’ (2013). ನೋಡುಗರೇ ದುಡ್ಡು ಹಾಕಿ ಮಾಡಿಸಿದ ಚಿತ್ರ. ಹಳ್ಳಿಯಿಂದ ಬಂದ ನಿಕ್ಕಿ ಚಿತ್ರಮಂದಿರದ ಕತ್ತಲಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುತ್ತಾನೆ. ನಿದ್ದೆ ಬಾರದೆ ಮಾತ್ರೆ ನುಂಗಿದರೆ ಕನಸಿನಲ್ಲಿ ತಾರೆಯಾಗುತ್ತಾನೆ. ತಾರೆಯ ಬದುಕು ಕಪ್ಪು ಬಿಳುಪು, ಟಾರ್ಚಿನವನ ಬದುಕು ಬಣ್ಣ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಪಿಜ್ಜಾ ಅಂಗಡಿಯಲ್ಲಿ ದುಡಿಯುವ ಹುಡುಗಿ ಅವನನ್ನು ಇಂಗ್ಲಿಷ್ ಕಲಿಕೆಗೆ ಹಚ್ಚುತ್ತಾಳೆ. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗೆ ಕೆಲಸ ಹುಡುಕಿ ಬಂದ ಸಾವಿರಾರು ಹುಡುಗರ ಸಂಕಟ ಅದು. ನನ್ನ ಮಟ್ಟಿಗೆ ಈ ಸಾಲಿನ ಅತ್ಯುತ್ತಮ ಚಿತ್ರ ಇದೇ.

‘ಅವನೇ ಶ್ರೀಮನ್ನಾರಾಯಣ’ (2019) ಕಾಲ್ಪನಿಕ ಅಮರಾವತಿಯಲ್ಲಿ ನಿಧಿ ಹುಡುಕಿತು; ನೋಟಕ್ಕೆ ಹಬ್ಬ, ಹೆಣ್ಣು ಪಾತ್ರಗಳಿಗೆ ಬರ. ‘ಕಾಂತಾರ’ (2022) ಕರಾವಳಿಯ ಭೂತಕೋಲವನ್ನು ದೇಶದ ಮುಂದಿಟ್ಟಿತು. ದೈವ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯಗಳ ಬದುಕಿನ ಚರ್ಚೆಯೂ ಎದ್ದಿತು. ಆದರೆ ಅರಣ್ಯ ರಕ್ಷಕಿ ಲೀಲಾ ತನ್ನ ಊರಿನವರಿಗೇ ಎದುರಾಗಿ ಬೇಲಿ ಹಾಕಿಸಲು ನಿಲ್ಲಬೇಕಾದಾಗ ಅವಳೊಳಗೆ ಏನು ನಡೆಯಿತು ಎಂಬುದನ್ನು ಚಿತ್ರ ನಿಂತು ನೋಡಲಿಲ್ಲ. ಆ ಕೊರತೆ ನನ್ನನ್ನು ಈಗಲೂ ಕಾಡುತ್ತದೆ. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ನಾಯ್ಕ್ ಅವರ 16 ನಿಮಿಷದ ಕನ್ನಡ ಕಿರುಚಿತ್ರದಲ್ಲಿ ಮುದುಕಿಯೊಬ್ಬಳು ಹುಂಜ ಕದಿಯುತ್ತಾಳೆ, ಊರಿಗೆ ಬೆಳಗಾಗುವುದೇ ಇಲ್ಲ. ಕಥೆಯ ಕೇಂದ್ರದಲ್ಲಿ ಮುದುಕಿ! ದೊಡ್ಡ ಚಿತ್ರಗಳಿಗೆ ಈ ಧೈರ್ಯ ಬಂದಿಲ್ಲ.

ಮಾಯೆ ಕಟ್ಟುವ ಕೈಗಳಿಗಂತೂ ಇಲ್ಲಿ ಬರವಿಲ್ಲ. 2017ರಲ್ಲಿ ಆಸ್ಕರ್ ಗೆದ್ದ ‘ದಿ ಜಂಗಲ್ ಬುಕ್’ನ ದೃಶ್ಯ ಪರಿಣಾಮಗಳಲ್ಲಿ ಎಂಪಿಸಿ ಎಂಬ ವಿಎಫ್‌ಎಕ್ಸ್ ಸಂಸ್ಥೆಯ ಬೆಂಗಳೂರಿನ ಕಲಾವಿದರ ಪಾಲಿತ್ತು. ವೈಟ್‌ಫೀಲ್ಡ್ ದಾರಿಯ ಮಹದೇವಪುರದಲ್ಲಿ ಅನಿಮೇಷನ್, ವಿಎಫ್‌ಎಕ್ಸ್ ಉತ್ಕೃಷ್ಟತಾ ಕೇಂದ್ರ 2021ರಲ್ಲಿ ಶುರುವಾಯಿತು. 2025ರ ಫೆಬ್ರುವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ದೇಶದ ಸಾವಿರಾರು ಕಲಾವಿದರ ಕೆಲಸ ಹೋಯಿತು. ಪರದೇಶದ ಚಿತ್ರಗಳಿಗೆ ಕಾಡುಗಳನ್ನು ಕೂದಲೆಳೆಯಷ್ಟು ನಯವಾಗಿ ಬಿಡಿಸಿದವರು ಇವರು. ಇವರ ಕೈಗೆ ಕನ್ನಡದ ಕಥೆ ಬರಬೇಕು. ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳು ಆ ಕಥೆಯ ನಾಯಕಿಯಾಗಲಿ. ನಿರ್ಮಾಪಕರು ಅದಕ್ಕೆ ದುಡ್ಡು ಹಾಕಲಿ; ಅಂಥ ಚಿತ್ರ ಬಂದಾಗ ನಾವು ಮೊದಲ ವಾರವೇ ಟಿಕೆಟ್ ಕೊಂಡು ನೋಡೋಣ.